ಆ ಊಟದ ದುಡ್ಡು ಯಾರು ಕೊಟ್ಟರು?

ಗುಂಡ್ಲುಪೇಟೆಯಲ್ಲಿ ಬೆಳಗಿನ ಜಾವದ ಟೀ ಅಂಗಡಿಗಳು ಬೇಗ ಬಾಗಿಲು ತೆಗೆಯುತ್ತವೆ. ಬಂಡೀಪುರದ ಕಾಡು ದಾಟುವ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಓಡಾಡುವಂತಿಲ್ಲ. 2009ರಿಂದ ಇದೇ ನಿಯಮ. ಹಾಗಾಗಿ ಗೇಟು ತೆಗೆಯುವುದನ್ನೇ ಕಾಯುವ ತರಕಾರಿ ಲಾರಿಯವರು, ಊಟಿಗೆ ಹೊರಟವರು, ವಯನಾಡಿಗೆ ಕೆಲಸಕ್ಕೆ ಹೋಗುವವರು ಎಲ್ಲರೂ ಅಲ್ಲಿ ಲೋಟ ಹಿಡಿದು ನಿಂತಿರುತ್ತಾರೆ. ಹೋದ ವರ್ಷ ಒಂದು ಬೆಳಿಗ್ಗೆ ಅಲ್ಲಿ ನಾಲ್ಕು ಹುಡುಗರು ಸಿಕ್ಕಿದರು. ಗೋವಾಕ್ಕೆ ಹೋಗಿ ಬಂದಿದ್ದರು. ಕಣ್ಣಲ್ಲಿ ಎರಡು ರಾತ್ರಿಯ ನಿದ್ದೆ ಬಾಕಿ ಇತ್ತು.

"ಹೆಂಗಿತ್ತು?" ಅಂದೆ.

"ಊಟ ಫ್ರೀ ಕಣಣ್ಣ. ಮಟನ್ನು, ಮೀನು, ಐಸ್‌ಕ್ರೀಮು, ಯಾನ ಬೇಕೊ ಅದ. ಡ್ಯಾನ್ಸೂ ಅಷ್ಟೇಯ, ಕೂತ್ಕಂಡು ನೋಡದೇಯ."

ಪಕ್ಕದಲ್ಲಿದ್ದ ಇನ್ನೊಬ್ಬ ಮಾತಾಡಲಿಲ್ಲ. ಲೋಟದೊಳಗೆ ನೋಡುತ್ತಾ ನಿಂತಿದ್ದ. ಬಸ್ಸು ಬರುವ ಹೊತ್ತಿಗೆ ವಿಷಯ ಹೊರಗೆ ಬಂತು. ಚೆಂಡು ಹೂವು ಮಾರಿದ ದುಡ್ಡಿನಲ್ಲಿ ಅಪ್ಪನಿಗೆ ಕೊಡಬೇಕಾದ ಹದಿನೆಂಟು ಸಾವಿರ ಗೋವಾದ ಜೂಜಿನ ಹಡಗಿನಲ್ಲೇ ಉಳಿದಿತ್ತು. ಅವನು ಉಂಡದ್ದು ಒಂದು ತಟ್ಟೆ ಬಿರಿಯಾನಿ, ಎರಡು ಕಪ್ ಐಸ್‌ಕ್ರೀಮು.

ಆ ಹುಡುಗನನ್ನು ಬೈಯುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಒಳ್ಳೆಯ ಊಟ, ಕಣ್ತುಂಬ ಒಂದು ಆಟ, ಕೈಗೆಟುಕುವ ದುಡ್ಡಿನಲ್ಲಿ ಸಿಗಬೇಕೆಂಬ ಆಸೆ ಎಲ್ಲರದ್ದೂ. ದುಡಿಯುವ ಮನುಷ್ಯನಿಗೆ ವರ್ಷಕ್ಕೆ ಎರಡು ದಿನ ಅಂಥದ್ದು ಸಿಗಲೇಬೇಕು. ನಾನು ಹೇಳಬೇಕೆಂದಿರುವುದು ಒಂದೇ: ಅಗ್ಗದ ಊಟಕ್ಕೆ ಕೂರುವ ಮೊದಲು ಅದರ ದುಡ್ಡು ಯಾರ ಜೇಬಿನಿಂದ ಬಂತು ಅಂತ ಕೇಳಿಕೊಳ್ಳಿ. ಅದು ಗೊತ್ತಾದರೆ ಗೋವಾದಲ್ಲೂ ಕಳೆದುಕೊಳ್ಳದೆ ಬರಬಹುದು, ಇಲ್ಲೇ ನಮ್ಮ ಚಾಮರಾಜನಗರ ಜಿಲ್ಲೆಯಲ್ಲೂ ರಾಜನಂತೆ ಉಂಡು ನೋಡಿ ಬರಬಹುದು.

ಜೂಜಿನ ಊರುಗಳಿಗೆಲ್ಲ ಹಿರಿಯಣ್ಣ ಅಮೆರಿಕದ ಲಾಸ್ ವೇಗಸ್. ಮರಳುಗಾಡಿನ ನೆವಾಡ ರಾಜ್ಯ 1931ರಲ್ಲಿ ಜೂಜನ್ನು ಕಾನೂನುಬದ್ಧ ಮಾಡಿತು. ಈಗ ಫೋಟೊಗಳಲ್ಲಿ ಕಾಣುವ ಆ ಝಗಮಗದ ರಸ್ತೆಯ ಮೊದಲ ಹೋಟೆಲು 1941ರಲ್ಲಿ ಶುರುವಾಯಿತು. ಅದೇ ದಶಕದಲ್ಲಿ ಅಲ್ಲೊಬ್ಬರಿಗೆ ಹೊಳೆದದ್ದು ಬಫೆ. ಆಡುತ್ತಾ ಕೂತವನು ಹಸಿವಾಯಿತು ಅಂತ ಎದ್ದು ಹೊರಗೆ ಹೋದರೆ ವಾಪಸ್ ಬಾರದೇ ಹೋಗಬಹುದು. ಅದಕ್ಕೆ ಒಂದು ಡಾಲರಿಗೆ ಬೇಕಾದಷ್ಟು ತಿನ್ನು, ಆದರೆ ಇಲ್ಲೇ ಇರು. ಹಾಡುಗಾರರು, ನರ್ತಕಿಯರು, ಜಾದೂಗಾರರು ಬಂದದ್ದೂ ಇದೇ ಲೆಕ್ಕದಲ್ಲಿ. ಊಟದಲ್ಲಿ ನಷ್ಟ, ಆಟದಲ್ಲಿ ನಷ್ಟ, ಜೂಜಿನ ಮೇಜಿನಲ್ಲಿ ಲಾಭ. ಮುಂದೆ 1990ರ ದಶಕದ ಕೊನೆಗೆ ಆ ರಸ್ತೆಯ ದೊಡ್ಡ ಹೋಟೆಲುಗಳಿಗೆ ಜೂಜಿಗಿಂತ ಕೋಣೆ, ಊಟ, ಪ್ರದರ್ಶನಗಳಿಂದಲೇ ಹೆಚ್ಚು ವರಮಾನ ಬರತೊಡಗಿತು. ಒಂದು ಡಾಲರಿನ ಊಟದ ಕಾಲವೂ ಮುಗಿಯಿತು. ಅಮೆರಿಕದಲ್ಲಿರುವ ನಮ್ಮವರ ಮನೆಗೆ ಹೋದಾಗ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ಬೀದಿಯಲ್ಲಿ ನಿಂತು ಕಾರಂಜಿ, ದೀಪ ನೋಡುವುದಕ್ಕೆ ಈಗಲೂ ಕಾಸಿಲ್ಲ. ಬಾಗಿಲು ದಾಟಿದ ಮೇಲೆ ಮಾತ್ರ ಖರ್ಚು.

ಮೇಜಿನ ಲೆಕ್ಕ ಕಷ್ಟದ್ದೇನಲ್ಲ, ಬೆರಳಿನಲ್ಲಿ ಎಣಿಸಬಹುದು. ರೂಲೆಟ್ ಎಂಬ ಚಕ್ರ ನೋಡಿ. ಸೊನ್ನೆಯಿಂದ ಮೂವತ್ತಾರರವರೆಗೆ 37 ಮನೆ. ನೀವು ಒಂದು ಮನೆಗೆ ನೂರು ರೂಪಾಯಿ ಇಡುತ್ತೀರಿ. ಗೋಲಿ ಅಲ್ಲಿ ನಿಂತರೆ 3,500 ಕೊಡುತ್ತಾರೆ, ನಿಮ್ಮ ನೂರೂ ವಾಪಸ್. ಅಲ್ಲಿಗೆ 3,600. ಆದರೆ ಮನೆ ಇರುವುದು 37. ಪ್ರತಿ ಮನೆಗೂ ನೂರರಂತೆ ಒಬ್ಬನೇ ಇಟ್ಟರೂ 3,700 ಹೋಗುತ್ತದೆ, 3,600 ಬರುತ್ತದೆ. ಉಳಿದ ನೂರು ಜೂಜು ನಡೆಸುವವನದು. ಇದರಲ್ಲಿ ಮೋಸವಿಲ್ಲ, ಕೈಚಳಕವಿಲ್ಲ. ಚಕ್ರ ಮಾಡುವಾಗಲೇ ಆ ನೂರು ಅದರೊಳಗೆ ಕೂತಿದೆ. ಗಂಟೆಗೆ ನಲವತ್ತು ಸುತ್ತಿನಂತೆ ನಾಲ್ಕು ಗಂಟೆ ಆಡಿದರೆ 160 ಸುತ್ತು, 16,000 ರೂಪಾಯಿ ಇಟ್ಟ ಹಾಗಾಯಿತು. ಅದರಲ್ಲಿ ಸರಾಸರಿ 432 ರೂಪಾಯಿ ಜೂಜು ನಡೆಸುವವನಿಗೆ ಸಂದಾಯ. ಒಂದು ಒಳ್ಳೆಯ ಊಟದ ಬೆಲೆ! ಎರಡು ಸೊನ್ನೆ ಇರುವ ಚಕ್ರವಾದರೆ ಅದು ಹೆಚ್ಚುಕಡಿಮೆ ಇಮ್ಮಡಿ, 842. ಇಡುವುದು ನೂರಲ್ಲ, ಐನೂರು ಅಂದರೆ ಐದು ಪಟ್ಟು ಮಾಡಿಕೊಳ್ಳಿ. ಇದು ಸರಾಸರಿ ಮಾತ್ರ. ಒಬ್ಬ ಗೆದ್ದು ಕುಣಿಯುತ್ತಾನೆ, ಪಕ್ಕದವನು ಹದಿನೆಂಟು ಸಾವಿರ ಬಿಟ್ಟು ಬರುತ್ತಾನೆ. ಎಲ್ಲರನ್ನೂ ಸೇರಿಸಿ ಕೂಡಿದರೆ ಜೂಜು ನಡೆಸುವವನು ಸೋಲುವುದಿಲ್ಲ. ಆ ಬಿರಿಯಾನಿಯ ದುಡ್ಡು ಕೊಟ್ಟವನು ಚೆಂಡು ಹೂವು ಬೆಳೆದ ಅಪ್ಪ.

ಗೋವಾದಲ್ಲಿ ಜೂಜಿನ ಯಂತ್ರಗಳಿಗೆ ದಾರಿ ಆದದ್ದು 1992ರ ಕಾನೂನು ತಿದ್ದುಪಡಿಯಿಂದ, ಅದೂ ಪಂಚತಾರಾ ಹೋಟೆಲುಗಳಲ್ಲಿ. ನೀರ ಮೇಲಿನ ಹಡಗುಗಳಲ್ಲಿ ಮೇಜಿನಾಟಕ್ಕೆ ಆಮೇಲೆ ಅವಕಾಶ ಸಿಕ್ಕಿತು. ಈಗ ಪಣಜಿಯ ಮಾಂಡೋವಿ ನದಿಯಲ್ಲಿ ಅವು ಸಂಜೆಯಾದರೆ ದೀಪದ ತೇರಿನಂತೆ ನಿಂತಿರುತ್ತವೆ. ಗೋವಾ ಸರ್ಕಾರ ತನ್ನದೇ ಜನರಿಗೆ ಆ ಹಡಗುಗಳ ಬಾಗಿಲು ಮುಚ್ಚಿದೆ. ಒಳಗೆ ಹೋಗುವವರು ಪ್ರವಾಸಿಗರು, ಅಂದರೆ ನಾವು. ಹಳ್ಳಿಯ ಹುಡುಗನಿಗೆ ರೂಲೆಟ್ ಚಕ್ರ ಕಂಡರೆ ಭಯವಾಗಬಹುದು. ಆದರೆ ಅಲ್ಲೇ ಅಂದರ್ ಬಾಹರ್ ಮೇಜೂ ಇದೆ. ನಮ್ಮೂರ ಹಿತ್ತಲಲ್ಲಿ, ಯುಗಾದಿ ಹಬ್ಬದಲ್ಲಿ ಕಂಡ ಆಟ. ಪರಿಚಯದ ಮುಖ ಕಂಡಂತಾಗಿ ಅವನು ಕೂರುವುದು ಅಲ್ಲಿ.

ಹೋಗಲೇಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟು. ಪ್ರವೇಶದ ದುಡ್ಡಿನಲ್ಲೇ ಊಟವೂ ವೇದಿಕೆಯ ಆಟವೂ ಸೇರಿರುತ್ತದೆ, ಅದಕ್ಕೆ ಎಷ್ಟು ಅಂತ ಮೊದಲೇ ಕೇಳಿ. ಶನಿವಾರ, ಭಾನುವಾರ ಬೆಲೆ ಏರುತ್ತದೆ, ವಾರದ ನಡುವೆ ಹೋಗಿ. ಎಟಿಎಂ ಕಾರ್ಡು, ಫೋನ್ ಪೇ ಇರುವ ಮೊಬೈಲು ಎರಡನ್ನೂ ರೂಮಿನಲ್ಲಿ ಉಳಿಯುವ ಗೆಳೆಯನ ಕೈಗೆ ಕೊಟ್ಟುಬಿಡಿ. ಊಟ ಮಾಡಿ, ಹಾಡು ಕೇಳಿ, ವಾಪಸ್ ಬರುವ ಮೊದಲ ದೋಣಿ ಹತ್ತಿ. ನಿಮ್ಮ ಗುರಿ ಊಟ ಮತ್ತು ಆಟ ಮಾತ್ರವಾದರೆ ಹಡಗೇ ಬೇಕಿಲ್ಲ. ಪಣಜಿಯ ಕಂಪಾಲಿನಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಕಲಾ ಅಕಾಡೆಮಿ ಇದೆ. ಕೊಂಕಣಿ ಜನರ ತಿಯಾತ್ರ್ ಎಂಬ ನಾಟಕ ಗೋವಾದ ಊರೂರಲ್ಲಿ ಆಡುತ್ತಾರೆ. 1892ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪದ್ಧತಿ ಅದು. ನಾಟಕದ ನಡುನಡುವೆ ಕಥೆಗೆ ಸಂಬಂಧವಿಲ್ಲದ ಹಾಡು ಬರುತ್ತದೆ, ಮಂತ್ರಿಗಳನ್ನು ಹೆಸರು ಹಿಡಿದು ಜಾಡಿಸುತ್ತಾರೆ. ಭಾಷೆ ಅರ್ಧ ತಿಳಿದರೂ ನಗು ಪೂರ್ತಿ ಬರುತ್ತದೆ. ನಮ್ಮ ಕಂಪನಿ ನಾಟಕ ನೋಡಿ ಬೆಳೆದವರಿಗೆ ಅದು ಅಪರಿಚಿತವೇನಲ್ಲ.

ಜೂಜಿನ ಹುಳ ಗೋವಾದಿಂದ ಬಂದದ್ದು ಅಂತ ನಾನು ಹೇಳುವುದಿಲ್ಲ. ಹಳೆ ಮೈಸೂರು ಸೀಮೆಯ ಯುಗಾದಿ ಗೊತ್ತಲ್ಲ. ಬೇವು ಬೆಲ್ಲ ತಿಂದ ಕೈಯಲ್ಲೇ ಎಲೆ ಹಿಡಿಯುವವರು ಎಷ್ಟೋ ಜನ. ಪೊಲೀಸರು ವರ್ಷ ವರ್ಷ ಎಚ್ಚರಿಕೆ ಕೊಡುತ್ತಾರೆ, ಹಬ್ಬ ಕಳೆದ ಮೇಲೆ ಕೇಸುಗಳ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಕರ್ನಾಟಕದಲ್ಲಿ ಲಾಟರಿ 2007ರಿಂದ ಇಲ್ಲ. ಆದರೆ ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸುಲ್ತಾನ್ ಬತ್ತೇರಿ, ಅಲ್ಲಿ ಬೀದಿ ಬೀದಿಯಲ್ಲಿ ಲಾಟರಿ. ಕೇರಳ ಸರ್ಕಾರ 1967ರಲ್ಲಿ ಶುರು ಮಾಡಿದ್ದು ಅದು. 2024ರ ಓಣಂ ಬಂಪರಿನ 25 ಕೋಟಿ ಬಂದದ್ದು ಬತ್ತೇರಿಯಲ್ಲಿ ಮಾರಿದ ಟಿಕೆಟಿಗೆ, ಗೆದ್ದವರು ಮಂಡ್ಯ ಜಿಲ್ಲೆಯ ಒಬ್ಬ ಮೆಕ್ಯಾನಿಕ್. ಆ ಸುದ್ದಿ ಬಂದ ವಾರ ನಮ್ಮ ಕಡೆಯ ಬಸ್ಸುಗಳಲ್ಲಿ ಬೇರೆ ಮಾತೇ ಇರಲಿಲ್ಲ. ಒಂದು ಟಿಕೆಟಿಗೆ 500 ರೂಪಾಯಿ, ಆ ಸಲ ಮಾರಾಟವಾದವು ಎಪ್ಪತ್ತು ಲಕ್ಷಕ್ಕೂ ಹೆಚ್ಚು. ಒಂದು ಮನೆಗೆ ಬಂದ ಭಾಗ್ಯವನ್ನು ನಾವೆಲ್ಲ ಕಂಡೆವು. ಬಹುಮಾನ ಬಾರದ ಲಕ್ಷ ಲಕ್ಷ ಮನೆಗಳ ಐನೂರು ಸುದ್ದಿಯಾಗುವುದಿಲ್ಲ.

ಇನ್ನು ನಮ್ಮ ಊಟ, ನಮ್ಮ ಆಟಕ್ಕೆ ಬರೋಣ. ಇದನ್ನು ಹೇಳುವುದಕ್ಕೇ ನಾನು ಕೂತದ್ದು.

ಗುಡ್ಡದ ಮೇಲೆ ಒಂದು ಊರು, ಅಲ್ಲಿ ಹೋದವರಿಗೆಲ್ಲ ಊಟ, ರಾತ್ರಿಯಿಡೀ ಹಾಡು ಕುಣಿತ, ಮಲಗಲು ಜಾಗ, ಬೆಳ್ಳಿ ಬಂಗಾರದ ತೇರು, ಸುತ್ತ ಎಪ್ಪತ್ತೇಳು ಮಲೆ. ಹೀಗೆ ಹೇಳಿದರೆ ಹೊರಗಿನವರು ಯಾವುದೋ ದೊಡ್ಡ ರೆಸಾರ್ಟ್ ಅಂದುಕೊಳ್ಳಬಹುದು. ಅದು ನಮ್ಮ ಮಲೆ ಮಹದೇಶ್ವರ ಬೆಟ್ಟ. ಚಾಮರಾಜನಗರದಿಂದ ಕೊಳ್ಳೇಗಾಲ, ಹನೂರು ದಾಟಿ ಹೋಗಬೇಕು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಟಿಕೆಟ್ ಇಲ್ಲ. ಅಲ್ಲಿಯವರೆಗೆ "ಈ ವರ್ಷ ಆಗಲ್ಲ ಬುಡು, ಬರೋ ವರ್ಷ ನೋಡಣ" ಅನ್ನುತ್ತಿದ್ದ ನಮ್ಮ ಅಕ್ಕಂದಿರು, ಅತ್ತೆಯರು ಗುಂಪು ಕಟ್ಟಿಕೊಂಡು ಬೆಟ್ಟ ಹತ್ತುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೂಲಿ ಮಾಡುವ ಹೆಂಗಸಿಗೆ ತನ್ನ ಖುಷಿಗೆ ಅಂತ ಒಂದು ಪ್ರಯಾಣ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ದಾಸೋಹದ ಊಟವನ್ನು ಹತ್ತಿರದಿಂದ ನೋಡಿ. ಸಾಲು ಮುಂದೆ ಮುಂದೆ ಸರಿದು ಒಳಗೆ ಹೋದರೆ ನಿಮ್ಮನ್ನು ಯಾರೂ ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ತಮಿಳುನಾಡಿನ ಕಡೆಯಿಂದ ಬಂದ ಅಜ್ಜಿ, ಬೆಂಗಳೂರಿನ ಕಾರಿನವರು, ಕನಕಪುರದ ಕಡೆಯಿಂದ ಕಾವೇರಿ ದಾಟಿ ನಡೆದು ಬಂದು ಕಾಲು ಬೊಬ್ಬೆಯೆದ್ದ ಹುಡುಗರು, ಎಲ್ಲರೂ ಒಂದೇ ಸಾಲು. ಅನ್ನ ಬೀಳುತ್ತದೆ. ಹಿಂದೆಯೇ ಬಕೆಟು ಹಿಡಿದವನು ಓಡುತ್ತಾ ಸಾರು ಸುರಿಯುತ್ತಾನೆ. ಅನ್ನದ ನಡುವೆ ಗುಂಡಿ ಮಾಡಿಕೊಳ್ಳದಿದ್ದರೆ ಸಾರು ಅಂಚು ದಾಟುತ್ತದೆ. ಪಕ್ಕದವರು "ಗುಂಡಿ ಮಾಡ್ಕಳವ್ವ" ಅಂತ ಹೇಳಿಕೊಡುತ್ತಾರೆ. ಆ ಸಾರಿನ ರುಚಿ ಮನೆಯಲ್ಲಿ ಬರುವುದಿಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಬೇಳೆ ಕರಗುವಷ್ಟು ಕುದಿದರೇ ಆ ರುಚಿ. ಇನ್ನಷ್ಟು ಬೇಕೆಂದರೆ ಕೈ ಎತ್ತಿದರೆ ಸಾಕು.

ಈ ಊಟದ ದುಡ್ಡು ಎಲ್ಲಿಂದ ಬರುತ್ತದೆ? ಹುಂಡಿಯಿಂದ, ಹರಕೆಯಿಂದ, ರಾಗಿ ಭತ್ತ ತಂದು ಸುರಿಯುವ ರೈತರಿಂದ, ಮಗ ಪಾಸಾದ ಅಂತ ಒಂದು ದಿನದ ದಾಸೋಹಕ್ಕೆ ಬರೆಸುವ ಮೇಷ್ಟರಿಂದ. ಕೊಡುವವನು ಸೋತು ಕೊಟ್ಟದ್ದಲ್ಲ, ಗೆದ್ದಾಗ ಕೊಟ್ಟದ್ದು. ಇಲ್ಲದ ವರ್ಷ ಕೊಡದಿದ್ದರೂ ಅವನ ಎಲೆಗೆ ಅನ್ನ ಬೀಳುತ್ತದೆ. ಇದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಬೆಟ್ಟಕ್ಕೆ ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿ, ಈ ನಾಲ್ಕು ಹೊತ್ತಿನಲ್ಲಿ ಜಾತ್ರೆ. ಆಟ ನೋಡಬೇಕೆನ್ನುವವರು ದೀಪಾವಳಿಗೆ ಹೋಗಿ. ಬೆಟ್ಟದ ಪೂಜೆ ನಡೆಸುವ ಬೇಡಗಂಪಣರ ಮನೆಯ ಪುಟ್ಟ ಹೆಣ್ಣುಮಕ್ಕಳು ಹಾಲಹಳ್ಳದಿಂದ ನೀರು ಹೊತ್ತು ಸಾಲಾಗಿ ಬರುವ ಹಾಲರವಿ ಉತ್ಸವ ಆಗ. ತಲೆಯ ಮೇಲೆ ಪುಟ್ಟ ಬಿಂದಿಗೆ, ಕಾಡಿನ ದಾರಿ, ವಾದ್ಯ. ಇನ್ನು ಕಂಸಾಳೆ. ಕಂಚಿನ ಜೋಡಿ ತಾಳ, ಒಂದು ಬಟ್ಟಲಿನ ಹಾಗೆ, ಇನ್ನೊಂದು ತಟ್ಟೆಯ ಹಾಗೆ, ಅದಕ್ಕೆ ಕಟ್ಟಿದ ಕುಚ್ಚು. ಕೂತು ಮಹದೇಶ್ವರನ ಕಥೆ ಹಾಡುವಾಗ ಅದು ಮಾತಿಗೆ ಹೂಂಗುಟ್ಟುತ್ತದೆ. ಬೀಸು ಕಂಸಾಳೆಗೆ ಎದ್ದರೆ ಕೈ, ತಲೆ, ಬೆನ್ನು, ಮಂಡಿ ಎಲ್ಲ ಕಡೆಯಿಂದ ತಾಳ ಬಂದು ತಾಕುತ್ತದೆ. ಹತ್ತು ಜನ ಒಟ್ಟಿಗೆ ಬೀಸುವಾಗ ಒಬ್ಬನ ತಾಳ ಇನ್ನೊಬ್ಬನ ಕಿವಿಯ ಪಕ್ಕದಲ್ಲೇ ಹಾಯುತ್ತದೆ, ಒಂದು ಕೂದಲೂ ಅಲುಗುವುದಿಲ್ಲ. ಇದನ್ನು ಕಲಿತ ದೇವರ ಗುಡ್ಡರು ದೀಕ್ಷೆ ತೊಟ್ಟು, ಮನೆಮನೆಯಲ್ಲಿ ಭಿಕ್ಷೆ ಪಡೆದು, ಈ ಕಥೆಯನ್ನು ನೂರಾರು ವರ್ಷ ಬಾಯಲ್ಲೇ ಕಾಪಾಡಿದವರು. ಅವರ ಜೋಳಿಗೆಗೆ ಬಿದ್ದ ಒಂದೊಂದು ಪಡಿ ರಾಗಿಯೇ ಆ ಆಟದ ಟಿಕೆಟ್ಟು.

ಬನದ ಹುಣ್ಣಿಮೆಗೆ ನಮ್ಮ ಜಿಲ್ಲೆಯದೇ ಚಿಕ್ಕಲ್ಲೂರು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಜಾತ್ರೆ, ಐದು ದಿನ. ಮೊದಲ ರಾತ್ರಿ ಚಂದ್ರಮಂಡಲ ಉರಿಯುವುದನ್ನು ನೋಡಲು ಜನಸಾಗರ. ಉರಿ ಯಾವ ದಿಕ್ಕಿಗೆ ವಾಲಿತು ಅಂತ ನೋಡಿ ಆ ಕಡೆ ಮಳೆ ಬೆಳೆ ಚೆನ್ನ ಅಂತ ಜನ ಮಾತಾಡಿಕೊಳ್ಳುತ್ತಾರೆ. ಈ ಪರಂಪರೆಯ ಹಾಡುಗಾರರಾದ ನೀಲಗಾರರು ತಂಬೂರಿ, ಗಗ್ಗರ, ಡಮಡಿ ಹಿಡಿದು ಮಂಟೇಸ್ವಾಮಿ ಕಥೆ ಎತ್ತಿದರೆ ಬೆಳಗಿನವರೆಗೆ ಬಿಡುವುದಿಲ್ಲ. ನಾಲ್ಕನೆಯ ದಿನ ಪಂಕ್ತಿಸೇವೆ. ಹೊಲದ ತುಂಬ ಬಿಡಾರ, ಮೂರು ಕಲ್ಲಿನ ಒಲೆ, ಒಂದೊಂದು ಬಿಡಾರದಲ್ಲೂ ಮುದ್ದೆ, ಬಾಡು. ಎಲೆ ಹಾಕಿ, ಸಿದ್ದಪ್ಪಾಜಿಯ ಗುರುತಾದ ಕಂಡಾಯಕ್ಕೆ ಎಡೆ ಇಟ್ಟು, ಹೋಗಿ ಬರುವವರನ್ನೆಲ್ಲ ಕೂಗಿ ಕೂರಿಸಿಕೊಳ್ಳುತ್ತಾರೆ. ಯಾವ ಜಾತಿ, ಯಾವ ಊರು ಅನ್ನುವ ಮಾತಿಲ್ಲ. ಪ್ರಾಣಿಬಲಿ ತಡೆ ಕಾನೂನು 1959ರಿಂದಲೂ ಇದೆ. ಅದನ್ನು ಹಿಡಿದು ಈಚಿನ ವರ್ಷಗಳಲ್ಲಿ ಜಾತ್ರೆಯ ಹೊತ್ತಿಗೆ ಚೆಕ್‌ಪೋಸ್ಟು, ವಾದ ಎಲ್ಲ ನಡೆಯುತ್ತದೆ. ಬಲಿ ಬೇರೆ, ಒಟ್ಟಿಗೆ ಕೂತು ಉಣ್ಣುವುದು ಬೇರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬಡವನ ಬಿಡಾರದ ಊಟಕ್ಕೆ ಅಡ್ಡಿ ಮಾಡಬಾರದು. ನಾನು ಅಲ್ಲಿ ಒಮ್ಮೆ ಗುರುತಿಲ್ಲದ ಮನೆಯವರ ಎಲೆ ಮುಂದೆ ಕೂತು ಉಂಡೆ. ಎದ್ದು ಹೊರಡುವಾಗ ಆ ಮನೆಯ ಹಿರಿಯರು, "ಬರೋ ವರ್ಷವೂ ಇದೇ ಮರದಡಿ ಇರ್ತೀವಿ, ಬನ್ನಿ ಬುದ್ದಿ" ಅಂದರು.

ಅನ್ನದ ಮಾತಾಡುವಾಗ ಸುಳ್ವಾಡಿಯನ್ನು ಮರೆತು ಬರೆದರೆ ತಪ್ಪಾಗುತ್ತದೆ. 2018ರ ಡಿಸೆಂಬರ್ 14ರಂದು ಹನೂರು ಕಡೆಯ ಆ ಊರಿನ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಜನ ತೀರಿಕೊಂಡರು. ಅದಕ್ಕೆ ಕೀಟನಾಶಕ ಬೆರೆಸಲಾಗಿತ್ತು. ಹಸಿದು ಬಂದ ಕೂಲಿ ಜನ, ದೇವರ ಹೆಸರಲ್ಲಿ ಕೊಟ್ಟದ್ದನ್ನು ನಂಬಿ ತಿಂದವರು. ಅವತ್ತಿನಿಂದ ನಮ್ಮ ಕಡೆಯ ಎಷ್ಟೋ ಹೆಂಗಸರು ಪ್ರಸಾದ ಕೈಗೆ ತೆಗೆದುಕೊಂಡು ಮೂಗಿಗೆ ಹಿಡಿದು ನೋಡಿಯೇ ಬಾಯಿಗೆ ಹಾಕುತ್ತಾರೆ. ಪುಕ್ಕಟೆ ಊಟಕ್ಕೆ ಕೂತವರಿಗೂ ಶುದ್ಧ ಊಟ ಕೇಳುವ ಹಕ್ಕಿದೆ. ಅಡುಗೆ ಮನೆಗೆ ಯಾರು ಹೋಗುತ್ತಾರೆ, ಮೊದಲು ಯಾರು ರುಚಿ ನೋಡುತ್ತಾರೆ ಅನ್ನುವುದನ್ನು ಗುಡಿ ನಡೆಸುವವರು ಗಟ್ಟಿ ಮಾಡಿಕೊಳ್ಳಲೇಬೇಕು. ಜನ ಕೇಳಲೇಬೇಕು.

ಚಾಮರಾಜನಗರ ಪಟ್ಟಣದಲ್ಲೇ ಇರುವವರಿಗೆ ಆಷಾಢದ ತೇರು ಇದೆ. ಹಳೆಯ ಅರಿಕುಠಾರ ಊರಿಗೆ ತಂದೆಯ ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರನ ಗುಡಿ. ಬೇರೆ ಕಡೆ ಆಷಾಢದಲ್ಲಿ ಶುಭ ಕೆಲಸವಿಲ್ಲ, ಹೊಸ ಹೆಣ್ಣು ತವರಿಗೆ ಹೋಗಿರುತ್ತಾಳೆ. ಇಲ್ಲಿ ಮಾತ್ರ ತೇರಿನ ದಿನ ಹೊಸ ಗಂಡು ಹೆಣ್ಣು ಜೋಡಿಯಾಗಿ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಐದು ವರ್ಷ ಈ ಸಂಭ್ರಮ ನಿಂತಿತ್ತು. 2022ರಲ್ಲಿ ಹೊಸ ತೇರು ಬಂತು. ಅವತ್ತು ರಥದ ಬೀದಿಯಲ್ಲಿ ಮದುವೆಯಾಗಿ ಐದು ವರ್ಷವಾದವರೂ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ಹಣ್ಣು ಎಸೆದರು. ಖರ್ಚು ಎರಡು ಬಾಳೆಹಣ್ಣು, ಒಂದು ಪೊಟ್ಟಣ ಪುರಿ ಖಾರ. ಪಕ್ಕದ ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಗೆ ಜನವರಿ ಹೊತ್ತಿನಲ್ಲಿ ಹೋದರೆ ದಾಸೋಹ, ಭಜನೆ, ನಾಟಕ, ಕುಸ್ತಿ ಎಲ್ಲ ಒಂದೇ ಕಡೆ. ಇನ್ನು ವರನಟ ರಾಜ್‌ಕುಮಾರ್ ಹೆಸರಿನ ಜಿಲ್ಲಾ ರಂಗಮಂದಿರದಲ್ಲಿ ನಾಟಕವಿದ್ದಾಗ ಗೋಡೆಯ ಪೋಸ್ಟರ್ ನೋಡಿಕೊಳ್ಳಿ.

ರಾಜ್‌ಕುಮಾರ್ ಹೆಸರು ಬಂದದ್ದರಿಂದ ನಾಟಕದ ಮಾತಿಗೆ ಬರುತ್ತೇನೆ. ನಮ್ಮ ಗಡಿಯಾಚೆಯ ತಾಳವಾಡಿ ಸೀಮೆಯ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಅವರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ. ತಂದೆ ಗುಬ್ಬಿ ಕಂಪನಿಯ ದೊಡ್ಡ ನಟ, ಹಿರಣ್ಯಕಶಿಪು, ಕಂಸ, ರಾವಣನ ಪಾತ್ರಗಳಿಗೆ ಹೆಸರಾದವರು. ಈ ಮಣ್ಣಿನಲ್ಲಿ ನಾಟಕದ ಹುಚ್ಚು ಹಾಗೆ ಇಳಿದಿದೆ. ಇವತ್ತಿಗೂ ಗುಂಡ್ಲುಪೇಟೆ, ಚಾಮರಾಜನಗರದ ಹಳ್ಳಿಗಳಲ್ಲಿ ಬೇಸಿಗೆ ಬಂದು ಹೊಲದ ಕೆಲಸ ಕಮ್ಮಿಯಾಯಿತೆಂದರೆ ಕುರುಕ್ಷೇತ್ರ ನಾಟಕ ಕಟ್ಟುತ್ತಾರೆ. ಹೊರಗಿನವರಿಗೆ ಗೊತ್ತಿಲ್ಲದ ಒಂದು ಲೆಕ್ಕ ಇಲ್ಲಿದೆ. ಈ ನಾಟಕಕ್ಕೆ ಟಿಕೆಟ್ ಇಲ್ಲ. ದುಡ್ಡು ಕೊಡುವವನು ಪಾತ್ರ ಮಾಡುವವನು. ಕೃಷ್ಣನ ಪಾತ್ರಕ್ಕೆ ಇಷ್ಟು, ದುರ್ಯೋಧನನಿಗೆ ಇಷ್ಟು, ಶಕುನಿಗೆ ಇಷ್ಟು, ಒಂದು ಪದ್ಯವೂ ಇಲ್ಲದ ಪಾತ್ರಕ್ಕೆ ಕಡಿಮೆ. ಆ ದುಡ್ಡಿನಲ್ಲೇ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ, ಡ್ರೆಸ್ಸು, ಮೈಕು, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಖರ್ಚು.

ನನ್ನ ಸೋದರಮಾವ ದುರ್ಯೋಧನ ಮಾಡಿದ್ದರು. ಓದು ನಾಲ್ಕನೇ ಕ್ಲಾಸು. ಮೂರು ತಿಂಗಳು ರಾತ್ರಿ ಊಟ ಮುಗಿಸಿ ಶಾಲೆಯ ಜಗುಲಿಗೆ ಹೋಗುತ್ತಿದ್ದರು. ಮೇಷ್ಟ್ರು ಒಂದು ಸಾಲು ಹೇಳಿದರೆ ಇವರು ಹತ್ತು ಸಲ ಹೇಳುತ್ತಿದ್ದರು. ಹೊಲದಲ್ಲಿ ನೇಗಿಲು ಹಿಡಿದಾಗಲೂ ಬಾಯಲ್ಲಿ ಅದೇ ಕಂದಪದ್ಯ, ಎತ್ತುಗಳಿಗೂ ಬಾಯಿಪಾಠವಾಗಿರಬೇಕು. ಪಾತ್ರದ ದುಡ್ಡಿಗೆ ಒಂದು ಪಡ್ಡೆ ಕರು ಮಾರಿದರು. ನನ್ನ ಅತ್ತೆ ಒಂದು ವಾರ ಮಾತು ಬಿಟ್ಟರು. ನಾಟಕದ ರಾತ್ರಿ ಅತ್ತೆಯೇ ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಜಾಗ ಹಿಡಿದಿದ್ದರು. ಪರದೆ ಸರಿದು, ಝಗಝಗ ಕಿರೀಟ, ಗದೆ ಹೆಗಲಿಗೇರಿಸಿ ಮಾವ ಒಳಗೆ ಬಂದಾಗ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಪದ್ಯ ಮುಗಿದೊಡನೆ "ಒನ್ಸ್ ಮೋರ್" ಅಂತ ಕೂಗು. ಊರವರು ಒಬ್ಬೊಬ್ಬರೇ ವೇದಿಕೆ ಹತ್ತಿ ಹತ್ತು, ಇಪ್ಪತ್ತರ ನೋಟು ಪಿನ್ನಿನಲ್ಲಿ ಎದೆಗೆ ಚುಚ್ಚಿದರು. ಮೈಕಿನಲ್ಲಿ ಕೊಟ್ಟವರ ಹೆಸರು. ನಡುವೆ ಬಕೆಟಿನಲ್ಲಿ ಟೀ ಬಂತು, ಮಕ್ಕಳು ಅಲ್ಲಲ್ಲೇ ನಿದ್ದೆ ಹೋದವು. ಭೀಮ ತೊಡೆ ಮುರಿಯುವ ಹೊತ್ತಿಗೆ ಪೂರ್ವ ಬೆಳ್ಳಗಾಗಿತ್ತು.

ಮಾವ ತೀರಿಕೊಂಡು ಬಹಳ ವರ್ಷವಾಯಿತು. ಊರಿಗೆ ಹೋದರೆ ಇವತ್ತಿಗೂ ಆ ಮನೆಗೆ ಹೆಸರು ದುರ್ಯೋಧನನ ಮನೆ ಅಂತಲೇ. ಪಡ್ಡೆ ಮಾರಿದ ದುಡ್ಡಿಗೆ ಇಷ್ಟು ಕಾಲ ಉಳಿಯುವ ಗೌರವ ಬೇರೆಲ್ಲೂ ಸಿಗುತ್ತಿರಲಿಲ್ಲ. ಅದೂ ಖರ್ಚೇ, ಕೈಮೀರಿದ ಖರ್ಚು ಅಂತಲೂ ಹೇಳಬಹುದು. ಆದರೆ ಆ ದುಡ್ಡು ಸಾವಿರ ಜನರಿಗೆ ಒಂದು ರಾತ್ರಿಯ ಆಟವಾಯಿತು.

ಈಗ ನಾಟಕ ಕಟ್ಟುವ ಊರುಗಳು ಕಮ್ಮಿಯಾಗುತ್ತಿವೆ. ಹಾರ್ಮೋನಿಯಂ ಮೇಷ್ಟ್ರುಗಳಿಗೆ ವಯಸ್ಸಾಯಿತು. ಹುಡುಗರು ಮೈಸೂರು, ಬೆಂಗಳೂರು, ಕೇರಳಕ್ಕೆ ದುಡಿಯಲು ಹೋಗಿದ್ದಾರೆ. ರಾತ್ರಿ ಹತ್ತರ ಮೇಲೆ ಅವರ ಕೈಯಲ್ಲಿ ಮೊಬೈಲು, ಅದರಲ್ಲಿ ರಮ್ಮಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾನೂನು ತಂದು ನಿಷೇಧಿಸಿದ್ದು ಸರಿಯಾದ ಕೆಲಸ. ಆದರೆ ಕಾನೂನು ಒಂದು ಬಾಗಿಲು ಮುಚ್ಚಬಲ್ಲದು. ಆ ಹುಡುಗನ ಸಂಜೆಯನ್ನು ತುಂಬುವುದು ಅದರ ಕೈಯಲ್ಲಿಲ್ಲ. ಅದು ನಮ್ಮ ಕೈಯಲ್ಲಿದೆ. ಊರಿನ ನಾಟಕದ ತಾಲೀಮಿಗೆ ಬಾ ಅಂತ ಅವನನ್ನು ಕರೆಯುವವರು ಬೇಕು. ಚೆಂಡು ಹೂವಿನ ದುಡ್ಡು ಕಳೆದುಕೊಂಡ ಆ ಹುಡುಗನಿಗೆ ಒಳ್ಳೆಯ ಗಂಟಲಿತ್ತು, ಟೀ ಅಂಗಡಿಯಲ್ಲಿ ಬಸ್ಸು ಬಂದಾಗ ಗೆಳೆಯರನ್ನು ಕೂಗಿದ್ದು ಕೇಳಿದೆ.

ಜಾತ್ರೆಗೆ ಹೊರಡುವವರಿಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಬೆಟ್ಟಕ್ಕೆ ಅಮಾವಾಸ್ಯೆ, ಸೋಮವಾರ ಬಿಟ್ಟು ಹೋದರೆ ಸಾಲು ಚಿಕ್ಕದು, ಮಲಗಲು ಜಾಗ ಸುಲಭ. ಆದರೆ ಕಂಸಾಳೆ ಕೇಳಬೇಕೆಂದರೆ ಜನ ಇರುವ ದಿನವೇ ಹೋಗಬೇಕು. ಚಿಕ್ಕಲ್ಲೂರಿನಲ್ಲಿ ಜನವರಿಯ ಚಳಿ ಮೂಳೆ ಕೊರೆಯುತ್ತದೆ, ಕಂಬಳಿ ಮರೆಯಬೇಡಿ. ಜಾತ್ರೆಯ ಅಂಚಿನಲ್ಲಿ ಮೂರೆಲೆ ಆಟದವನು ಕೂತಿರುತ್ತಾನೆ, ಅವನ ಮುಂದೆ ನಿಲ್ಲಬೇಡಿ. ಮಕ್ಕಳಿಗೆ ಬೆಂಡು ಬತ್ತಾಸು ಕೊಡಿಸಿ. ದಾಸೋಹದಲ್ಲಿ ಉಂಡರೆ ಎಲೆಯಲ್ಲಿ ಅನ್ನ ಬಿಡಬೇಡಿ, ಕೈಯಲ್ಲಾದಷ್ಟು ಹುಂಡಿಗೆ ಹಾಕಿ. ಆಗದಿದ್ದರೆ ಒಂದು ಸಾಲಿಗೆ ನೀರು ಬಡಿಸಿ ಬನ್ನಿ, ಕೇಳಿದರೆ ಜಗ್ಗು ಕೊಡುತ್ತಾರೆ.

ಮತ್ತು ಈ ಬೇಸಿಗೆಯಲ್ಲಿ ನಿಮ್ಮೂರಿನ ಹುಡುಗರು ನಾಟಕ ಕಟ್ಟುತ್ತೇವೆ ಅಂತ ಚಂದಾ ಪುಸ್ತಕ ಹಿಡಿದು ಬಾಗಿಲಿಗೆ ಬಂದರೆ ಇಲ್ಲ ಅನ್ನಬೇಡಿ. ಕೊಟ್ಟು ಸುಮ್ಮನಾಗಲೂ ಬೇಡಿ. ಚಾಪೆ ತಂದು ಮುಂದಿನ ಸಾಲಿನಲ್ಲಿ ಕೂತು, ಬೆಳಗಾಗುವವರೆಗೆ ನೋಡಿ.